ಯಾವ ಚರ್ಚು, ಯಾಕೆ ಬೇರೆ? ಸುವಾರ್ತಾ ಸಭೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದ ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಸಭೆಯ ಮನೆಯ ಮಗಳು. ಮದುವೆಯಾಗಿ ಹೋದದ್ದು ಎನ್.ಆರ್. ಪುರದ ಹತ್ತಿರ ಶುಂಠಿ ಬೆಳೆಯುವ ಒಂದು ಪೆಂಟೆಕೋಸ್ಟ್ ಮನೆಗೆ. ತವರಿನವರು ಆ ಕಡೆಯ ಬಗ್ಗೆ ಕೇಳುತ್ತಾರೆ, ಅತ್ತೆ ಮನೆಯವರು ಈ ಕಡೆಯ ಬಗ್ಗೆ. ಅಕ್ಕಪಕ್ಕದ ಮನೆಯವರು, ಸ್ವಸಹಾಯ ಸಂಘದ ಹೆಂಗಸರು ಎರಡರ ಬಗ್ಗೆಯೂ ಕೇಳುತ್ತಾರೆ. ಕೆಲವರು ಪತ್ರ ಬರೆದೂ ಕೇಳಿದ್ದಾರೆ. ಸುತ್ತಿ ಸುತ್ತಿ ಪ್ರಶ್ನೆಗಳು ಅವೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲಿಗೆ ಕೇಳುವವು

ಚರ್ಚು ಅಂದ್ರೆ ಎಲ್ಲ ಒಂದೇ ಅಲ್ವಾ?

ಅಲ್ಲ. ಶೃಂಗೇರಿ ಮಠ ಬೇರೆ, ರಾಮಚಂದ್ರಾಪುರ ಮಠ ಬೇರೆ, ಹುಂಚದ ಜೈನ ಮಠ ಬೇರೆ ಎಂದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕ್ರೈಸ್ತರಲ್ಲೂ ಹಾಗೇ ಮನೆತನಗಳಿವೆ. ಕ್ಯಾಥೋಲಿಕರು, ಆರ್ಥಡಾಕ್ಸ್ ಅಂದರೆ ಪೂರ್ವದ ಹಳೆಯ ಸಭೆಗಳವರು, ಹದಿನಾರನೇ ಶತಮಾನದಲ್ಲಿ ಕ್ಯಾಥೋಲಿಕರಿಂದ ಬೇರೆಯಾದ ಪ್ರೊಟೆಸ್ಟೆಂಟರು, ಈ ಮೂರು ದೊಡ್ಡವು. ನಮ್ಮ ಎನ್.ಆರ್. ಪುರ ಕಡೆ ಕೇರಳದಿಂದ ಬಂದ ಸಿರಿಯನ್ ಪರಂಪರೆಯವರೂ ಇದ್ದಾರೆ, ಅವರದ್ದು ಬಹಳ ಹಳೆಯ ಆರಾಧನೆ. ನಾನಿಲ್ಲಿ ಹೇಳುವ ಇವಾಂಜೆಲಿಕಲ್, ಅಂದರೆ ಸುವಾರ್ತಾ ಸಭೆಗಳು ಹೆಚ್ಚಾಗಿ ಪ್ರೊಟೆಸ್ಟೆಂಟ್ ಮನೆಯೊಳಗಿನವು.

ಇವಾಂಜೆಲಿಕಲ್ ಅನ್ನೋದು ಒಂದು ಪಂಗಡದ ಹೆಸರಾ?

ಪಂಗಡ ಅಲ್ಲ, ಒಂದು ಬಗೆಯ ನಂಬಿಕೆಯ ಹೆಸರು. ಮೂಲ ಗ್ರೀಕ್ ಪದಕ್ಕೆ ಒಳ್ಳೆಯ ಸುದ್ದಿ ಎಂದು ಅರ್ಥ, ನಮ್ಮ ಬೈಬಲಿನಲ್ಲಿ ಅದು ಸುವಾರ್ತೆ. 1989ರಲ್ಲಿ ಬ್ರಿಟನ್ನಿನ ಇತಿಹಾಸಕಾರ ಡೇವಿಡ್ ಬೆಬಿಂಗ್ಟನ್ ಇವರನ್ನು ಗುರುತಿಸಲು ನಾಲ್ಕು ವಿಷಯ ಹೇಳಿದರು. ಬೈಬಲ್ಲೇ ಕೊನೆಯ ಮಾತು. ಯೇಸು ಶಿಲುಬೆಯಲ್ಲಿ ಸತ್ತದ್ದೇ ನಂಬಿಕೆಯ ನಡುಗಂಬ. ಮನಸ್ಸು ತಿರುಗಬೇಕು, ಹುಟ್ಟಿನಿಂದ ಯಾರೂ ವಿಶ್ವಾಸಿ ಆಗುವುದಿಲ್ಲ. ನಂಬಿದವರು ಸುಮ್ನೆ ಕೂರಬಾರದು, ಸಾರಬೇಕು, ಸೇವೆ ಮಾಡಬೇಕು. ಈ ನಾಲ್ಕಿದ್ದರೆ ಬಿಷಪ್ ಇರುವ ಸಭೆಯಲ್ಲೂ ಇವಾಂಜೆಲಿಕಲ್ ಆಗಬಹುದು, ಶೀಟಿನ ಮಾಡಿನ ಕೆಳಗೆ ಸೇರುವ ಇಪ್ಪತ್ತು ಜನರ ಸಭೆಯಲ್ಲೂ ಆಗಬಹುದು. ಒಂದು ಎಚ್ಚರ: ಜರ್ಮನಿಯಲ್ಲಿ ಇದೇ ಪದಕ್ಕೆ ಬರೀ ಪ್ರೊಟೆಸ್ಟೆಂಟ್ ಎಂಬ ಅರ್ಥ ಇದೆ. ಅಲ್ಲಿ ಓದಲು ಹೋದ ಮಕ್ಕಳು ಬೋರ್ಡು ನೋಡಿ ಗೊಂದಲವಾಗುತ್ತಾರೆ.

ಶಿವಮೊಗ್ಗದ ದೊಡ್ಡ ಸೇಕ್ರೆಡ್ ಹಾರ್ಟ್ ಚರ್ಚು ನಿಮ್ಮದೇನಾ?

ಅದು ಕ್ಯಾಥೋಲಿಕರದ್ದು. ಶಿವಮೊಗ್ಗ 1988ರಿಂದ ಅವರ ಒಂದು ಧರ್ಮಪ್ರಾಂತ್ಯ, ಆ ಚರ್ಚು ಬಿಷಪರ ಮುಖ್ಯ ದೇವಾಲಯ. ಅಲ್ಲಿ ಬಲಿಪೂಜೆ, ಪಾಪನಿವೇದನೆ, ಮೇರಿ ಮಾತೆಯ ಮುಂದೆ ಮೇಣದ ಬತ್ತಿ ಇರುತ್ತದೆ. ನಮ್ಮಲ್ಲಿ ಇವಿಲ್ಲ. ಎದುರಿಗೆ ಹೆಚ್ಚೆಂದರೆ ಒಂದು ಖಾಲಿ ಶಿಲುಬೆ. ಇದು 1517ರಲ್ಲಿ ಮಾರ್ಟಿನ್ ಲೂಥರ್ ಜರ್ಮನಿಯ ವಿಟೆನ್‌ಬರ್ಗಿನಲ್ಲಿ ಎತ್ತಿದ ಜಗಳದ ಫಲ. ದೇವರ ಮತ್ತು ಮನುಷ್ಯನ ನಡುವೆ ಯೇಸು ಒಬ್ಬನೇ ಸಾಕು ಎಂಬುದು ಲೂಥರರ ವಾದ. ಮಾತಿನಲ್ಲೂ ವ್ಯತ್ಯಾಸ ಕೇಳಿಸುತ್ತದೆ. ಸಭೆಗೆ ಸೇರಿಸುವ ನೀರಿನ ವಿಧಿಗೆ ಕ್ಯಾಥೋಲಿಕರು ಜ್ಞಾನಸ್ನಾನ ಎನ್ನುತ್ತಾರೆ, ನಾವು ದೀಕ್ಷಾಸ್ನಾನ. ಅವರಲ್ಲಿ ಫಾದರ್, ನಮ್ಮಲ್ಲಿ ಪಾಸ್ಟರ್, ಸಿ.ಎಸ್.ಐ.ನ ಹಿರಿಯರ ಬಾಯಲ್ಲಿ ಇನ್ನೂ ಅಯ್ಯನವರು.

ನಮ್ಮ ಅಜ್ಜನ ಮನೆ ಹಂಚಿನ ಮೇಲೆ ಬಾಸೆಲ್ ಮಿಷನ್ ಅಂತ ಇದೆ. ಅದೂ ಚರ್ಚಾ?

ಹೌದು, ಒಂದು ಲೆಕ್ಕದಲ್ಲಿ. ತೀರ್ಥಹಳ್ಳಿ, ಹೊಸನಗರ ಕಡೆ ಹಳೇ ಮನೆ ಬಿಚ್ಚುವಾಗ ಹಂಚನ್ನು ತಿರುಗಿಸಿ ನೋಡಿ, ಪಾಚಿ ಉಜ್ಜಿದರೆ ಅಕ್ಷರ ಏಳುತ್ತದೆ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ 1834ರಲ್ಲಿ ಮೂವರು ಮಂಗಳೂರಿಗೆ ಬಂದಿಳಿದರು. ಆ ಮಿಷನ್ನಿನ ಹೆಚ್ಚಿನವರು ಜರ್ಮನಿಯ ಪಯಟಿಸ್ಟ್ ಮನೆಗಳವರು. ಪಯಟಿಸ್ಟ್ ಎಂದರೆ ಬರೀ ಭಾನುವಾರದ ಭಕ್ತಿ ಸಾಲದು, ಮನೆಮನೆಯಲ್ಲಿ ಬೈಬಲ್ ಓದಿ ಬದುಕು ಬದಲಾಗಬೇಕು ಎಂದು ಹಿಡಿದವರು. ಕ್ರೈಸ್ತರಾದವರಿಗೆ ಹಳೆಯ ಕಸುಬು, ಹೊಲ ಕೈತಪ್ಪುತ್ತಿತ್ತು. ಅವರಿಗೆ ಕೆಲಸ ಬೇಕಲ್ಲ, ಅದಕ್ಕೇ ನೇಯ್ಗೆ, ಹಂಚು. ಮಂಗಳೂರು ಸಮಾಚಾರ ಪತ್ರಿಕೆ ತಂದ ಮೊಗ್ಲಿಂಗ್, 1894ರಲ್ಲಿ ನಿಘಂಟು ಹೊರತಂದ ಕಿಟೆಲ್ ಇಬ್ಬರೂ ಇದೇ ಮಿಷನ್ನಿನವರು. ಇವಾಂಜೆಲಿಕಲ್ ಎಂದರೆ ಬರೀ ಬಾಯಿಮಾತಿನ ಪ್ರಚಾರ ಎಂದುಕೊಂಡವರಿಗೆ ನಾನು ಆ ಹಂಚನ್ನೇ ತೋರಿಸುತ್ತೇನೆ.

ಸಿ.ಎಸ್.ಐ. ಅಂದ್ರೆ ಏನು, ಮೆಥಡಿಸ್ಟ್ ಬೇರೆಯಾ?

ಚರ್ಚ್ ಆಫ್ ಸೌತ್ ಇಂಡಿಯಾ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಸಭೆಯ ಸಾಲಿನವರು), ಬ್ರಿಟಿಷ್ ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಎಂಬ ಪ್ರೊಟೆಸ್ಟೆಂಟ್ ಸಭೆಗಳು ಒಂದಾದವು. ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಹೆಚ್ಚಿನವೂ ಹಿಂದೆ ಮುಂದೆ ಇದರೊಳಗೆ ಸೇರಿದವು. ಹಳೇ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ ಬ್ರಿಟಿಷ್ ಮೆಥಡಿಸ್ಟರದ್ದು, ಹಾಗಾಗಿ ನಮ್ಮ ಕಡೆಯ ಹಳೇ ಮೆಥಡಿಸ್ಟ್ ಮನೆಗಳು ಇಂದು ಸಿ.ಎಸ್.ಐ. ಅಮೆರಿಕನ್ ಮೆಥಡಿಸ್ಟರು ಸೇರಲಿಲ್ಲ. ಬೀದರ್, ಕೋಲಾರದ ಮೆಥಡಿಸ್ಟ್ ಚರ್ಚು ಆ ಸಾಲಿನದ್ದು. ಬೇರೆ ಬೇರೆ ಸಭೆಗಳು ಹಟ ಬಿಟ್ಟು ಒಂದಾದ ಉದಾಹರಣೆ ಜಗತ್ತಿನಲ್ಲೇ ಕಡಿಮೆ. ನನಗೆ ಇದರ ಬಗ್ಗೆ ಹೆಮ್ಮೆ ಇದೆ.

## ಸ್ವಲ್ಪ ಒಳಗೆ ಬಂದವರು ಕೇಳುವವು

ಮಗುವಾಗಿದ್ದಾಗಲೇ ದೀಕ್ಷಾಸ್ನಾನ ಆಗಿದೆ. ಮತ್ತೆ ನೀರಲ್ಲಿ ಮುಳುಗಿಸ್ತೀವಿ ಅಂತಾರಲ್ಲ, ಯಾಕೆ?

ಸಿ.ಎಸ್.ಐ., ಲೂಥರನ್, ಪ್ರೆಸ್ಬಿಟೇರಿಯನ್, ಮೆಥಡಿಸ್ಟ್ ಸಭೆಗಳಲ್ಲಿ ಮಗುವಿನ ತಲೆಗೆ ನೀರು ಹಾಕುತ್ತಾರೆ, ದೊಡ್ಡದಾದ ಮೇಲೆ ಅದೇ ಮಗು ಸಭೆಯ ಮುಂದೆ ನಿಂತು ನಂಬಿಕೆಯನ್ನು ಒಪ್ಪಿಕೊಳ್ಳುತ್ತದೆ. ಬ್ಯಾಪ್ಟಿಸ್ಟ್, ಬ್ರದರನ್, ಪೆಂಟೆಕೋಸ್ಟ್ ಸಭೆಗಳು ಇದನ್ನು ಒಪ್ಪುವುದಿಲ್ಲ. ನಂಬಿಕೆ ಮೊದಲು, ನೀರು ಆಮೇಲೆ ಎನ್ನುತ್ತವೆ. ಅವರ ಲೆಕ್ಕದಲ್ಲಿ ಅದು ಎರಡನೇ ಸಲ ಅಲ್ಲ, ಮೊದಲ ಸಲ.

ಈ ಮಾತಿಗೆ ಜನ ಪ್ರಾಣ ಕೊಟ್ಟಿದ್ದಾರೆ. 1525ರಲ್ಲಿ ಜೂರಿಕ್‌ನಲ್ಲಿ ಕೆಲವರು ಒಂದು ಮನೆಯಲ್ಲಿ ಸೇರಿ ದೊಡ್ಡವರಾಗಿ ದೀಕ್ಷಾಸ್ನಾನ ತೆಗೆದುಕೊಂಡರು. ಎರಡು ವರ್ಷಕ್ಕೆ ಅವರಲ್ಲಿ ಒಬ್ಬರಾದ ಫೆಲಿಕ್ಸ್ ಮಾಂಟ್ಸ್ ಎಂಬುವರನ್ನು ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಕೊಲ್ಲಿಸಿದ್ದು ಪ್ರೊಟೆಸ್ಟೆಂಟರೇ ನಡೆಸುತ್ತಿದ್ದ ಊರಾಡಳಿತ. ಇಂದಿನ ಮೆನೊನೈಟರು, ಆಮಿಶರು ಆ ಸಾಲಿನವರು. ಯುದ್ಧಕ್ಕೆ ಹೋಗಬಾರದು ಎಂಬ ಅವರ ಹಟ ಇನ್ನೂ ಹಾಗೇ ಇದೆ. ಬ್ಯಾಪ್ಟಿಸ್ಟರು 1609ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಆಶ್ರಯ ಪಡೆದಿದ್ದ ಇಂಗ್ಲಿಷರಿಂದ ಶುರುವಾದರು.

ನಮ್ಮ ಯಜಮಾನರ ದೀಕ್ಷಾಸ್ನಾನ ಭದ್ರಾ ಹೊಳೆಯಲ್ಲಿ ಆಯಿತಂತೆ, ಡಿಸೆಂಬರ್ ಬೆಳಗಿನ ಚಳಿಯಲ್ಲಿ. ದಡದಲ್ಲಿ ಹೆಂಗಸರು ಟವೆಲ್ ಹಿಡಿದು ಹಾಡುತ್ತಿದ್ದರು, ಪಾಸ್ಟರ್ ಸೊಂಟದ ತನಕ ನೀರಲ್ಲಿ ನಿಂತಿದ್ದರು. ಮೇಲೆದ್ದಾಗ ಹಲ್ಲು ಕಟಕಟ ಎನ್ನುತ್ತಿತ್ತು, ಅಳುವೂ ಬಂತು ಎನ್ನುತ್ತಾರೆ. ನನ್ನದು ನನಗೆ ನೆನಪೇ ಇಲ್ಲ. ಮೂರು ತಿಂಗಳ ಮಗು. ಆದರೆ ನನ್ನನ್ನು ಎತ್ತಿಕೊಂಡು ಮಾತು ಕೊಟ್ಟ ಹಿರಿಯರು ಆ ಮಾತು ಉಳಿಸಿಕೊಂಡರು. ನಾನು ಮತ್ತೆ ಮುಳುಗಿಲ್ಲ, ಮುಳುಗುವುದೂ ಇಲ್ಲ.

ಬ್ರದರನ್ ಸಭೆಯಲ್ಲಿ ಪಾಸ್ಟರೇ ಇಲ್ವಂತೆ, ಹೌದಾ?

ಹೌದು. 1820–30ರ ಸುಮಾರಿಗೆ ಡಬ್ಲಿನ್, ಪ್ಲಿಮತ್ ಊರುಗಳಲ್ಲಿ ಶುರುವಾದ ಸಭೆಗಳಿವು. ಎಲ್ಲ ವಿಶ್ವಾಸಿಗಳೂ ಯಾಜಕರೇ, ಸಂಬಳದ ಪಾಸ್ಟರ್ ಯಾಕೆ ಎಂಬುದು ಅವರ ಪ್ರಶ್ನೆ. ಭಾನುವಾರ ಬೆಳಗ್ಗೆ ನಡುವಿನ ಮೇಜಿನ ಮೇಲೆ ಒಂದು ರೊಟ್ಟಿ, ಒಂದು ಬಟ್ಟಲು. ಸುತ್ತ ಕೂತವರು ಸುಮ್ಮನಿರುತ್ತಾರೆ. ಯಾರೋ ಒಬ್ಬರು ಎದ್ದು ಒಂದು ವಾಕ್ಯ ಓದುತ್ತಾರೆ, ಇನ್ನೊಬ್ಬರು ಹಾಡು ಶುರು ಮಾಡುತ್ತಾರೆ, ವಾದ್ಯ ಹೆಚ್ಚಾಗಿ ಇರಲ್ಲ. ಹೆಂಗಸರು ತಲೆ ಮುಚ್ಚಿರುತ್ತಾರೆ, ಮಾತಾಡುವುದಿಲ್ಲ. ಮಿಷನರಿ ಆಂಟನಿ ನಾರಿಸ್ ಗ್ರೋವ್ಸ್ ಎಂಬ ಹಲ್ಲಿನ ವೈದ್ಯ ಬಾಗ್ದಾದಿನಿಂದ 1833ರಲ್ಲಿ ಭಾರತಕ್ಕೆ ಬಂದು ಈ ರೀತಿಯನ್ನು ಇಲ್ಲಿ ಬಿತ್ತಿದರು. ಆ ಮೌನ ನನಗೆ ಇಷ್ಟ, ಹೆಂಗಸರ ಮೌನ ಮಾತ್ರ ಇಷ್ಟವಿಲ್ಲ.

ಪೆಂಟೆಕೋಸ್ಟ್ ಸಭೆಯಲ್ಲಿ ಯಾಕಷ್ಟು ಜೋರು? ಏನೇನೋ ಭಾಷೆ ಮಾತಾಡ್ತಾರಲ್ಲ?

ಬೈಬಲಿನ ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯ ಓದಿ. ಪಂಚಾಶತ್ತಮ, ಅಂದರೆ ಪೆಂಟೆಕೋಸ್ಟ್ ಹಬ್ಬದ ದಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದು ಅವರು ಬೇರೆ ಬೇರೆ ಭಾಷೆಗಳಲ್ಲಿ ಮಾತಾಡಿದರು ಎಂದಿದೆ. ಆ ವರ ಇವತ್ತಿಗೂ ಇದೆ ಎಂದು ಪೆಂಟೆಕೋಸ್ಟರು ನಂಬುತ್ತಾರೆ, ಅದನ್ನೇ ಅನ್ಯಭಾಷೆ ಎನ್ನುತ್ತಾರೆ. ಬ್ರದರನ್ ಮತ್ತು ಹಲವು ಬ್ಯಾಪ್ಟಿಸ್ಟ್ ಸಭೆಗಳು ಅಂಥ ವರಗಳು ಅಪೊಸ್ತಲರ ಕಾಲಕ್ಕೇ ಮುಗಿದವು ಎನ್ನುತ್ತವೆ.

ಮೊದಲ ಸಲ ಅತ್ತೆ ಮನೆಯ ಸಭೆಗೆ ಹೋದಾಗ ನಾನು ಬೆಚ್ಚಿಬಿದ್ದೆ. ಎಲ್ಲರೂ ಒಟ್ಟಿಗೆ, ಒಬ್ಬೊಬ್ಬರೂ ಅವರವರ ಪ್ರಾರ್ಥನೆ, ಗಟ್ಟಿಯಾಗಿ. ಪಕ್ಕದಲ್ಲಿ ಕೂತ ಅಜ್ಜಿ ಕೈಯೆತ್ತಿ ಅಳುತ್ತಿದ್ದರು. ಆಮೇಲೆ ಸಾಕ್ಷಿ ಹೇಳುವಾಗ ಗೊತ್ತಾಯಿತು, ಅವರ ಮಗ ಕುಡಿತ ಬಿಟ್ಟು ಅಂದಿಗೆ ಸರಿಯಾಗಿ ಒಂದು ವರ್ಷ. ಆ ಸದ್ದು ಏನೆಂದು ಅವತ್ತು ಅರ್ಥವಾಯಿತು. ಮೈಕು ಹಾಕಿ ಪಕ್ಕದ ಮನೆಯವರ ನಿದ್ದೆ ಕೆಡಿಸುವುದು ಮಾತ್ರ ತಪ್ಪೇ. ಪವಿತ್ರಾತ್ಮನಿಗೆ ಮೈಕು ಬೇಕಿಲ್ಲ.

ಇದೆಲ್ಲ ಅಮೆರಿಕದಿಂದ ಬಂದದ್ದು ಅಲ್ವಾ?

ಅರ್ಧ ನಿಜ. 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯ ಹಳೇ ಕಟ್ಟಡದಲ್ಲಿ ವಿಲಿಯಂ ಸೀಮೋರ್ ನಡೆಸಿದ ಕೂಟಗಳು ಜಗತ್ತಿಗೆಲ್ಲ ಹಬ್ಬಿದವು. ಸೀಮೋರ್ ಗುಲಾಮರಾಗಿದ್ದವರ ಮಗ. ಕಪ್ಪು ಜನ, ಬಿಳಿ ಜನ ಒಟ್ಟಿಗೆ ಕೂರಬಾರದ ಕಾಲದಲ್ಲಿ ಅವರ ಕೂಟದಲ್ಲಿ ಒಟ್ಟಿಗೆ ಮಂಡಿಯೂರಿದರು.

ಇನ್ನರ್ಧ ಕಥೆ ನಮ್ಮ ಘಟ್ಟದಲ್ಲಿ ಶುರುವಾಗುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ತಂದೆ ಅನಂತಶಾಸ್ತ್ರಿ ಡೋಂಗ್ರೆ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ವಿರೋಧ ಕಟ್ಟಿಕೊಂಡು ಕಾಡಿಗೆ ಬಂದು ನೆಲೆಸಿದವರು. ಆ ಮಗುವೇ ಪಂಡಿತಾ ರಮಾಬಾಯಿ. ಬರಗಾಲದಲ್ಲಿ ತಂದೆತಾಯಿ ಹೋದರು. ಅಣ್ಣನ ಜೊತೆ ದೇಶವೆಲ್ಲ ನಡೆದು ಕಲ್ಕತ್ತೆಯಲ್ಲಿ ಪಂಡಿತಾ ಎಂಬ ಬಿರುದು ಪಡೆದರು, 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಪುಣೆ ಹತ್ತಿರದ ಕೇಡ್‌ಗಾಂವ್‌ನಲ್ಲಿ ವಿಧವೆಯರಿಗೆ, ಬರದಲ್ಲಿ ಅನಾಥರಾದ ಹುಡುಗಿಯರಿಗೆ ಮುಕ್ತಿ ಎಂಬ ಆಶ್ರಮ ಕಟ್ಟಿದರು. 1905ರಲ್ಲಿ, ಅಂದರೆ ಅಜೂಸಾಗಿಂತ ಒಂದು ವರ್ಷ ಮೊದಲು, ಆ ಹುಡುಗಿಯರ ನಡುವೆ ಉಜ್ಜೀವನ, ಅಂದರೆ ಭಕ್ತಿಯ ಹೊಸ ಅಲೆ ಹತ್ತಿಕೊಂಡಿತು. ಗಂಟೆಗಟ್ಟಲೆ ಪ್ರಾರ್ಥನೆ, ಅಳು, ಹಾಡು. ಅಲ್ಲಿ ಕೆಲಸ ಮಾಡುತ್ತಿದ್ದ ಮಿನ್ನಿ ಏಬ್ರಮ್ಸ್ ಇದರ ಬಗ್ಗೆ ಒಂದು ಪುಸ್ತಿಕೆ ಬರೆದು ಚಿಲಿ ದೇಶದ ವಾಲ್ಪರೈಸೋದಲ್ಲಿದ್ದ ಗೆಳತಿ ಮೇ ಹೂವರ್‌ಗೆ ಕಳಿಸಿದರು. 1909ರಲ್ಲಿ ಅಲ್ಲಿಯ ಮೆಥಡಿಸ್ಟ್ ಸಭೆಯಲ್ಲೂ ಅದೇ ಬೆಂಕಿ. ಚಿಲಿಯ ಪೆಂಟೆಕೋಸ್ಟ್ ಸಭೆಗಳು ಹುಟ್ಟಿದ್ದು ಹಾಗೆ.

ಶಿವಮೊಗ್ಗದ ಸೇತುವೆಯ ಮೇಲೆ ನಿಂತು ತುಂಗೆ ನೋಡುವಾಗ ನನಗೆ ಈ ದಾರಿ ನೆನಪಾಗುತ್ತದೆ: ಗಂಗಾಮೂಲ, ಕೇಡ್‌ಗಾಂವ್, ವಾಲ್ಪರೈಸೋ. ನಮ್ಮ ಊರಿನವರಿಗೇ ಇದು ಗೊತ್ತಿಲ್ಲ ಎಂಬುದು ನನಗೆ ನಿಜಕ್ಕೂ ಬೇಜಾರು.

ಮಲೆನಾಡಿಗೆ ಇಷ್ಟೊಂದು ಸಣ್ಣ ಸಭೆಗಳು ಎಲ್ಲಿಂದ ಬಂದವು?

ಹೆಚ್ಚಿನವು ಜನರ ಜೊತೆ ಬಂದವು. ಕೇರಳದಿಂದ ರಬ್ಬರ್, ಶುಂಠಿ ಹಾಕಲು ಬಂದವರು ತಮ್ಮ ಸಭೆಯನ್ನೂ ತಂದರು. ಕುಂಬನಾಡಿನಲ್ಲಿ ಕೇಂದ್ರ ಇರುವ ಇಂಡಿಯನ್ ಪೆಂಟೆಕೋಸ್ಟಲ್ ಚರ್ಚ್ ಅಂಥದ್ದು, ಅದು ಭಾರತೀಯರೇ ಕಟ್ಟಿದ ಸಭೆ. ಭದ್ರಾವತಿಗೆ ಕಾರ್ಖಾನೆ ಕೆಲಸಕ್ಕೆ ಬಂದ ತಮಿಳು, ತೆಲುಗು ಮನೆಗಳಿಂದಲೂ ಹಾಗೇ ಆಯಿತು.

ಒಡವೆ ಹಾಕಲ್ಲ, ಔಷಧಿ ತಗೊಳ್ಳಲ್ಲ ಅಂತಾರಲ್ಲ?

ಒಡವೆಯ ಮಾತು ಕೇರಳ ಮೂಲದ ಪೆಂಟೆಕೋಸ್ಟರಲ್ಲಿ ಜಾಸ್ತಿ. ಆಧಾರ ಬೈಬಲಿನ ಒಂದನೇ ಪೇತ್ರ 3:3, ಬಂಗಾರದ ಅಲಂಕಾರದ ಬಗ್ಗೆ ಎಚ್ಚರಿಸುವ ವಾಕ್ಯ. ಬಂಗಾರ ಇದ್ದವರು ಇಲ್ಲದವರು ಸಭೆಯಲ್ಲಿ ಒಂದೇ ತರ ಕಾಣಲಿ ಎಂಬುದು ನನ್ನ ಅತ್ತೆ ಕೊಡುವ ಕಾರಣ, ಅದು ಚೆನ್ನಾಗಿದೆ. ನಾನು ಓಲೆ ಹಾಕುತ್ತೇನೆ, ಅವರು ಏನೂ ಅನ್ನುವುದಿಲ್ಲ. ಬ್ರೆಜಿಲ್, ಅಮೆರಿಕ, ಆಸ್ಟ್ರೇಲಿಯಾದ ಎಷ್ಟೋ ಪೆಂಟೆಕೋಸ್ಟರಿಗೆ ಈ ನಿಯಮವೇ ಇಲ್ಲ.

ಔಷಧಿ ವಿಷಯದಲ್ಲಿ ನಾನು ಖಡಾಖಂಡಿತ. ರೋಗಿಗಾಗಿ ಪ್ರಾರ್ಥಿಸುವುದು ಎಲ್ಲ ಸಭೆಗಳಲ್ಲೂ ಇದೆ, ಔಷಧಿಯೇ ಬೇಡ ಎನ್ನುವವರು ಬಹಳ ಕಡಿಮೆ. ಆದರೆ ಇದ್ದಾರೆ. ನಮ್ಮ ಸಂಬಂಧಿಕರೊಬ್ಬರು ಊರೂರು ತಿರುಗುವ ಒಬ್ಬ ಪ್ರಸಂಗಿಯ ಮಾತು ಕೇಳಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರು. ಕಾಲಿನ ಗಾಯ ಮಾಯಲಿಲ್ಲ, ಎರಡು ಬೆರಳು ಹೋದವು. ಅವರನ್ನು ಬೈದು, ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದು ಅವರ ಸ್ವಂತ ಪೆಂಟೆಕೋಸ್ಟ್ ಪಾಸ್ಟರೇ. ದಯವಿಟ್ಟು ಮಾತ್ರೆ ಬಿಡಬೇಡಿ.

ಮತಾಂತರ ಮಾಡೋದಕ್ಕೇ ಅಲ್ವಾ ಇವೆಲ್ಲ ಇರೋದು?

ಸಾರುವುದು ಈ ಸಭೆಗಳ ಉಸಿರು, ಅದನ್ನು ಮುಚ್ಚಿಟ್ಟು ಮಾತಾಡಿದರೆ ಸುಳ್ಳಾಗುತ್ತದೆ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನೊಳಗೆ ಬರುವುದಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ಎರಡೂ ಕಡೆಯವರು ತಿಳಿದಿರಬೇಕಾದ ವಿಷಯ. ನಂಬಿಕೆ ಹುಟ್ಟಿನಿಂದಲೇ ಬರುವುದಿಲ್ಲ ಎನ್ನುವ ನಾವು, ಅದು ಅಕ್ಕಿ ಚೀಲದಿಂದ ಬರುತ್ತದೆ ಎನ್ನಲು ಹೇಗಾಗುತ್ತದೆ? ಆಮಿಷ ತೋರಿಸಿದವರು ಸುವಾರ್ತೆಗೇ ದ್ರೋಹ ಮಾಡಿದ ಹಾಗೆ. ಹಾಗೇ, ಮನೆಯಲ್ಲಿ ಸೇರಿ ಹಾಡುವವರನ್ನೆಲ್ಲ ಅನುಮಾನದಿಂದ ನೋಡುವುದೂ ನೋವಿನ ಸಂಗತಿ.

ಶನಿವಾರ ಸೇರುವವರು, ಮನೆಮನೆಗೆ ಪತ್ರಿಕೆ ಕೊಡುವವರು ಕೂಡ ಇದೇನಾ?

ಶನಿವಾರ ಸೇರುವವರು ಸೆವೆಂತ್ ಡೇ ಅಡ್ವೆಂಟಿಸ್ಟರು. ಅವರನ್ನು ಒಳಗೆ ಎಣಿಸುವವರೂ ಇದ್ದಾರೆ, ಹೊರಗೆ ಎಣಿಸುವವರೂ ಇದ್ದಾರೆ. ಯೆಹೋವನ ಸಾಕ್ಷಿಗಳು ಯೇಸುವನ್ನು ದೇವರೆಂದು ಒಪ್ಪುವುದಿಲ್ಲ, ಹಾಗಾಗಿ ಅವರು ಬೇರೆ.

## ಹೊರದೇಶದ ಬಗ್ಗೆ

ಬೇರೆ ದೇಶದಲ್ಲಿ ಹೇಗಿರುತ್ತೆ? ಎಲ್ಲ ಇಂಗ್ಲಿಷ್ ಹಾಡು, ಗಿಟಾರಾ?

ಬಿಳಿಯರ ಧರ್ಮ ಎಂಬ ಚಿತ್ರ ಹಳತಾಯಿತು. ಇಂದು ಈ ಸಭೆಗಳ ಹೆಚ್ಚಿನ ಜನ ಆಫ್ರಿಕಾ, ಲ್ಯಾಟಿನ್ ಅಮೆರಿಕ, ಏಷ್ಯಾದಲ್ಲಿದ್ದಾರೆ.

ದಕ್ಷಿಣ ಕೊರಿಯಾದವರು ನಸುಕಿನಲ್ಲಿ ಎದ್ದು ಚರ್ಚಿಗೆ ಹೋಗಿ ಪ್ರಾರ್ಥಿಸಿ ಆಮೇಲೆ ಕೆಲಸಕ್ಕೆ ಹೋಗುತ್ತಾರೆ. 1907ರಲ್ಲಿ ಪ್ಯೊಂಗ್ಯಾಂಗಿನಲ್ಲಿ ಆದ ಉಜ್ಜೀವನದ ಕಾಲದಿಂದ ಬಂದ ರೂಢಿ. ಹೌದು, ಇಂದು ಉತ್ತರ ಕೊರಿಯಾದ ರಾಜಧಾನಿಯಾಗಿರುವ ಅದೇ ಊರು. ದಕ್ಷಿಣ ಕೊರಿಯಾದಲ್ಲಿ ಪ್ರೆಸ್ಬಿಟೇರಿಯನ್ನರು ಜಾಸ್ತಿ. 1958ರಲ್ಲಿ ಸಿಯೋಲಿನಲ್ಲಿ ಶುರುವಾದ ಯೊಯಿಡೋ ಪೆಂಟೆಕೋಸ್ಟ್ ಸಭೆ ಲಕ್ಷಗಟ್ಟಲೆ ಜನರದ್ದಾಯಿತು. ಅದರ ಗುಟ್ಟು ಮನೆಮನೆಯ ಸಣ್ಣ ಗುಂಪುಗಳು, ಅವನ್ನು ನಡೆಸಿದವರಲ್ಲಿ ಹೆಂಗಸರೇ ಹೆಚ್ಚು.

ಬ್ರೆಜಿಲ್ಲಿನ ಅಸೆಂಬ್ಲೀಸ್ ಆಫ್ ಗಾಡ್ ಎಂಬ ಪೆಂಟೆಕೋಸ್ಟ್ ಸಭೆ 1911ರಲ್ಲಿ ಬೆಲೆಂ ಪಟ್ಟಣದಲ್ಲಿ ಇಬ್ಬರು ಸ್ವೀಡನ್ನಿನವರಿಂದ ಶುರುವಾಯಿತು. ನೈಜೀರಿಯಾದಲ್ಲಿ ರಾತ್ರಿಯಿಡೀ ಪ್ರಾರ್ಥನೆ. 1952ರಲ್ಲಿ ಹುಟ್ಟಿದ ಅಲ್ಲಿಯ ರಿಡೀಮ್ಡ್ ಸಭೆಯವರು ಲಂಡನ್ನಿನಲ್ಲೂ ಸಭೆ ಕಟ್ಟಿದ್ದಾರೆ. ಇಥಿಯೋಪಿಯಾದಲ್ಲಿ ಲೂಥರನ್ ಆದರೂ ಬ್ಯಾಪ್ಟಿಸ್ಟ್ ಆದರೂ ಜನ ಕರೆಯುವುದು ಪೆಂಟೆ ಎಂದೇ. ಚೀನಾದಲ್ಲಿ ಸರ್ಕಾರ ಒಪ್ಪಿದ ಸಭೆಗಳು ಒಂದು ಕಡೆ, ನೋಂದಣಿ ಇಲ್ಲದ ಮನೆಸಭೆಗಳು ಇನ್ನೊಂದು ಕಡೆ. ದೂರ ಯಾಕೆ, ನಾಗಾಲ್ಯಾಂಡಿನಲ್ಲಿ ಹೆಚ್ಚಿನವರು ಬ್ಯಾಪ್ಟಿಸ್ಟರು, ಮಿಜೋರಾಮಿನಲ್ಲಿ ಪ್ರೆಸ್ಬಿಟೇರಿಯನ್ನರದ್ದೇ ದೊಡ್ಡ ಸಭೆ.

ಅಮೆರಿಕದಲ್ಲಿ ಇವಾಂಜೆಲಿಕಲ್ ಅಂದ್ರೆ ರಾಜಕೀಯ ಅಲ್ವಾ?

ಟಿ.ವಿ.ಯಲ್ಲಿ ಕಾಣುವುದು ಅದೇ. ಆದರೆ ಅಲ್ಲಿಯ ಕಪ್ಪು ಜನರ ಬ್ಯಾಪ್ಟಿಸ್ಟ್ ಸಭೆಗಳ ನಂಬಿಕೆ ಅದೇ ಇದ್ದರೂ ಹಾಕುವ ವೋಟು ಹೆಚ್ಚಾಗಿ ಬಿಳಿ ಇವಾಂಜೆಲಿಕಲರಿಗಿಂತ ಬೇರೆ. ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ 1845ರಲ್ಲಿ ಒಡೆದು ಹುಟ್ಟಿದ್ದೇ ಗುಲಾಮಗಿರಿಯ ಜಗಳದಲ್ಲಿ. ಗುಲಾಮರನ್ನು ಇಟ್ಟುಕೊಂಡವರೂ ಮಿಷನರಿ ಆಗಬಹುದು ಎಂದು ವಾದಿಸಿದವರ ಒಕ್ಕೂಟ ಅದು. ಕ್ಷಮೆ ಕೇಳಿದ್ದು 1995ರಲ್ಲಿ. ಬೈಬಲ್ ಕೈಯಲ್ಲಿದ್ದ ಮಾತ್ರಕ್ಕೆ ಕಣ್ಣು ತೆರೆಯುವುದಿಲ್ಲ ಎಂದು ನನಗೆ ಇದರಿಂದ ಗೊತ್ತಾಯಿತು.

ಕಾಣಿಕೆ ಜಾಸ್ತಿ ಕೊಟ್ರೆ ಆಶೀರ್ವಾದ ಜಾಸ್ತಿ ಅಂತಾರೆ, ನಿಜಾನಾ?

ಇಲ್ಲ. ಇದನ್ನು ಸಮೃದ್ಧಿಯ ಸುವಾರ್ತೆ ಎನ್ನುತ್ತಾರೆ. ಅಮೆರಿಕದಲ್ಲಿ ಬೆಳೆದು ಬ್ರೆಜಿಲ್, ನೈಜೀರಿಯಾ, ಈಗ ನಮ್ಮ ಮೊಬೈಲಿಗೂ ಬಂದಿದೆ. ಇದನ್ನು ಜೋರಾಗಿ ಖಂಡಿಸುವವರೂ ಇವಾಂಜೆಲಿಕಲರೇ. ದಶಮಾಂಶ, ಅಂದರೆ ದುಡಿದದ್ದರಲ್ಲಿ ಹತ್ತನೇ ಒಂದು ಪಾಲು ಕೊಡುವುದು ಬೇರೆ, ದೇವರ ಜೊತೆ ಬಡ್ಡಿ ವ್ಯವಹಾರ ಬೇರೆ. ಶುಂಠಿಗೆ ಕೊಳೆರೋಗ ಬಂದ ವರ್ಷ ನಮ್ಮ ಸಭೆಯಲ್ಲಿ ಎಲ್ಲರದ್ದೂ ಹೋಯಿತು, ಕೊಟ್ಟವರದ್ದೂ ಕೊಡದವರದ್ದೂ. ಕಂತು ಕಟ್ಟಲಾಗದ ಎರಡು ಮನೆಗೆ ಸಭೆಯೇ ಹಣ ಕೂಡಿಸಿ ಕೊಟ್ಟಿತು. ನಾನು ಕಂಡ ಆಶೀರ್ವಾದ ಅದು.

## ಆಳಕ್ಕೆ ಇಳಿದವರು ಕೇಳುವವು

ಒಮ್ಮೆ ರಕ್ಷಣೆ ಸಿಕ್ಕರೆ ಕಳೆದುಹೋಗುತ್ತಾ?

ರಕ್ಷಣೆ ಎಂದರೆ ಯೇಸುವನ್ನು ನಂಬಿ ಪಾಪದಿಂದ ಸಿಗುವ ಬಿಡುಗಡೆ. ಲೂಥರರ ನಂತರದ ಸುಧಾರಕ ಕ್ಯಾಲ್ವಿನನ ಸಾಲಿನವರು ಅದು ಕಳೆಯುವುದಿಲ್ಲ ಎನ್ನುತ್ತಾರೆ. ದೇವರೇ ಆರಿಸಿದವರನ್ನು ದೇವರು ಕೈಬಿಡುವುದಿಲ್ಲ. ಡಚ್ ಪಂಡಿತ ಅರ್ಮಿನಿಯಸ್‌ನ ಸಾಲಿನವರು ಮನುಷ್ಯ ಒಪ್ಪಲೂಬಹುದು, ತಿರುಗಿ ಹೋಗಲೂಬಹುದು ಎನ್ನುತ್ತಾರೆ. 1618–19ರಲ್ಲಿ ನೆದರ್ಲೆಂಡ್ಸಿನ ಡಾರ್ಟ್ ಊರಿನಲ್ಲಿ ಸೇರಿದ ಚರ್ಚಿನ ಸಮಾವೇಶದಲ್ಲಿ ಮೊದಲನೆಯವರು ಗೆದ್ದರು, ಆದರೆ ವಾದ ಮುಗಿಯಲಿಲ್ಲ. ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ, ಪ್ರಸಿದ್ಧ ಪ್ರಸಂಗಿ ಜಾರ್ಜ್ ವಿಟ್‌ಫೀಲ್ಡ್ ಗೆಳೆಯರಾಗಿದ್ದೂ ಇದರಲ್ಲಿ ಎದುರುಬದುರು. ವಿಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಅವರ ನೆನಪಿಗೆ ಪ್ರಸಂಗ ಮಾಡಿದ್ದು ವೆಸ್ಲಿಯೇ. ಪ್ರೆಸ್ಬಿಟೇರಿಯನ್ನರು ಒಂದು ಕಡೆ, ಮೆಥಡಿಸ್ಟರೂ ಹೆಚ್ಚಿನ ಪೆಂಟೆಕೋಸ್ಟರೂ ಇನ್ನೊಂದು ಕಡೆ, ಬ್ಯಾಪ್ಟಿಸ್ಟರು ಎರಡೂ ಕಡೆ.

ಯೇಸುವಿನ ಹೆಸರಲ್ಲಿ ಮಾತ್ರ ದೀಕ್ಷಾಸ್ನಾನ ಅನ್ನುವವರು ಯಾರು?

ಒನ್‌ನೆಸ್ ಪೆಂಟೆಕೋಸ್ಟರು. ತಂದೆ, ಮಗ, ಪವಿತ್ರಾತ್ಮ ಎಂದು ಮೂವರಿಲ್ಲ, ಯೇಸುವೇ ಎಲ್ಲ ಎಂಬುದು ಅವರ ನಂಬಿಕೆ. 1916ರಲ್ಲಿ ಅಸೆಂಬ್ಲೀಸ್ ಆಫ್ ಗಾಡ್ ಇದನ್ನು ಒಪ್ಪಲಿಲ್ಲ, ಇವರು ಅದರಿಂದ ಹೊರಬಂದು ಬೇರೆಯಾದರು. ಹೊರಗಿನಿಂದ ಹಾಡು, ಚಪ್ಪಾಳೆ ಎಲ್ಲ ಒಂದೇ ತರ ಕಾಣುತ್ತದೆ, ಒಳಗಿನ ವ್ಯತ್ಯಾಸ ಮಾತ್ರ ದೊಡ್ಡದು.

ಹೆಂಗಸರು ಪಾಸ್ಟರ್ ಆಗಬಹುದಾ?

ಸೈನ್ಯದ ಮಾದರಿಯಲ್ಲಿ ಕಟ್ಟಿದ ಸಾಲ್ವೇಷನ್ ಆರ್ಮಿ ಎಂಬ ಸಭೆಯಲ್ಲಿ ಶುರುವಿನಿಂದಲೇ ಹೆಂಗಸರು ಪ್ರಸಂಗ ಮಾಡಿದರು. ಸಿ.ಎಸ್.ಐ.ನಲ್ಲಿ ಮಹಿಳಾ ಪಾಸ್ಟರುಗಳಿದ್ದಾರೆ, 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ಮೊದಲ ಮಹಿಳಾ ಬಿಷಪ್ ಆದರು. ಬ್ರದರನ್, ಸದರ್ನ್ ಬ್ಯಾಪ್ಟಿಸ್ಟ್ ಒಪ್ಪುವುದಿಲ್ಲ. ಗಂಗಾಮೂಲದ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನೇ ಮರಾಠಿಗೆ ತಂದ ಮೇಲೆ ನನಗೆ ಈ ವಾದದಲ್ಲಿ ಅನುಮಾನ ಉಳಿದಿಲ್ಲ.

ಇವರೆಲ್ಲರ ಮೇಲೆ ಯಾರು? ಯಾಕೆ ಒಡೀತಾನೇ ಇರ್ತಾರೆ?

ಪೋಪ್ ತರ ಒಬ್ಬರಿಲ್ಲ. ಸಿ.ಎಸ್.ಐ.ನಲ್ಲಿ ಬಿಷಪ್, ಪ್ರೆಸ್ಬಿಟೇರಿಯನ್ನರಲ್ಲಿ ಹಿರಿಯರ ಮಂಡಳಿ, ಬ್ಯಾಪ್ಟಿಸ್ಟರಲ್ಲಿ ಆಯಾ ಸಭೆಯ ಜನರೇ ದೊಡ್ಡವರು. ಸ್ವತಂತ್ರ ಸಭೆಗಳಲ್ಲಿ ಕೆಲವೊಮ್ಮೆ ಪಾಸ್ಟರ್ ಮನೆಯವರೇ ಎಲ್ಲ. 1846ರಲ್ಲಿ ಲಂಡನ್ನಿನಲ್ಲಿ ಶುರುವಾದ ಇವಾಂಜೆಲಿಕಲ್ ಅಲೈಯನ್ಸ್, ನಮ್ಮ ದೇಶದಲ್ಲಿ 1951ರ ಇವಾಂಜೆಲಿಕಲ್ ಫೆಲೋಶಿಪ್ ಆಫ್ ಇಂಡಿಯಾ ಇವೆ, ಆದರೆ ಅವು ಒಕ್ಕೂಟಗಳು, ಯಜಮಾನರಲ್ಲ. ಸಣ್ಣ ಸಭೆಗೆ ಸೇರುವ ಮುಂಚೆ ಲೆಕ್ಕಪತ್ರ ಯಾರು ನೋಡುತ್ತಾರೆ, ಪಾಸ್ಟರ್ ತಪ್ಪು ಮಾಡಿದರೆ ಯಾರು ಕೇಳುತ್ತಾರೆ ಎಂದು ವಿಚಾರಿಸಿ.

ನಾವು ಸಿ.ಎಸ್.ಐ. ಸಾಗರದವರು, ಮಗಳು ಪೆಂಟೆಕೋಸ್ಟ್ ಹುಡುಗನನ್ನ ಒಪ್ಪಿದಾಳೆ. ಮೊದಲೇ ಏನು ಮಾತಾಡಬೇಕು?

ಅಕ್ಕಾ, ಇದನ್ನು ನಾನೇ ಅನುಭವಿಸಿದ್ದೇನೆ. ಮದುವೆಗೆ ಮುಂಚೆ ಮಗಳು ನೀರಿಗಿಳಿಯಲೇಬೇಕು ಎನ್ನುತ್ತಾರಾ ಎಂದು ಕೇಳಿ. ನಮ್ಮಲ್ಲಿ ಅದಕ್ಕೇ ಮೂರು ತಿಂಗಳು ಎಳೆದಾಡಿತು, ಕೊನೆಗೆ ನನ್ನ ಮಾವನವರೇ ಪಾಸ್ಟರ್ ಹತ್ತಿರ ಮಾತಾಡಿ ಬಿಡಿಸಿದರು. ತಾಳಿ, ಬಂಗಾರದ ವಿಷಯ 'ಆಮೇಲೆ ನೋಡೋಣ' ಎಂದು ಬಿಡಬೇಡಿ. ಹುಟ್ಟುವ ಮಗುವನ್ನು ಯಾವ ಸಭೆಯಲ್ಲಿ ಏನು ಮಾಡಿಸುವುದು ಎಂಬುದನ್ನು ಹುಡುಗ ಹುಡುಗಿ ಇಬ್ಬರೇ ಕೂತು ಮಾತಾಡಲಿ. ನಮ್ಮ ಮಗನನ್ನು ಎರಡೂ ಅಜ್ಜಿಯರ ಮುಂದೆ ದೇವರಿಗೆ ಒಪ್ಪಿಸುವ ಪ್ರತಿಷ್ಠೆಯ ಪ್ರಾರ್ಥನೆ ಮಾಡಿಸಿದೆವು, ನೀರು ಅವನು ದೊಡ್ಡವನಾದ ಮೇಲೆ ಅವನೇ ಕೇಳಲಿ ಎಂದು ಬಿಟ್ಟೆವು. ನಮ್ಮ ಅಮ್ಮ ಅವತ್ತು ಸ್ವಲ್ಪ ಅತ್ತರು. ಇನ್ನೊಂದು, ಯಾರೂ ಕೇಳದ ಪ್ರಶ್ನೆ: ಸಮಾಧಿ ಜಾಗ. ಸಣ್ಣ ಸಭೆಗಳಿಗೆ ಎಷ್ಟೋ ಕಡೆ ಸ್ವಂತ ಜಾಗವೇ ಇರಲ್ಲ. ನಮ್ಮ ಮಾವನವರು ಮಳೆಗಾಲದಲ್ಲಿ ತೀರಿಕೊಂಡಾಗ ಸಂಜೆತನಕ ಜಾಗ ಹುಡುಕಿದೆವು. ಕೊನೆಗೆ ನನ್ನ ತವರಿನ ಅಯ್ಯನವರು ಫೋನು ಮಾಡಿ, ನಮ್ಮ ಸಿ.ಎಸ್.ಐ. ಜಾಗದಲ್ಲೇ ಇಡಿ ಬನ್ನಿ ಎಂದರು. ಪೆಂಟೆಕೋಸ್ಟ್ ಪಾಸ್ಟರ್ ವಾಕ್ಯ ಓದಿದರು, ಅಯ್ಯನವರು ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದರು.